ಬೆಂಗೇರಿಯಿಂದ ತಂದ ಬಾವುಟ

ಕಳೆದ ವರ್ಷದ ಸ್ವಾತಂತ್ರ್ಯೋತ್ಸವಕ್ಕೆಂದು ನಾವು ಪೇಟೆಯಲ್ಲಿ ಅಗ್ಗದ ಪಾಲಿಯೆಸ್ಟರ್ ಬಾವುಟವೊಂದನ್ನು ಕೊಂಡು ಮಾಳಿಗೆಯ ಮೇಲೆ ಹಾರಿಸಿದ್ದೆವು. ಚಕ್ರವು ನಡುವಿನಿಂದ ಸರಿದಿದ್ದುದನ್ನು ಗಮನಿಸಲೇ ಇಲ್ಲ. ಶ್ರಾವಣದ ಗಾಳಿಗೆ ಅಂಚು ಹರಿದ ಮೇಲೂ ನಾಲ್ಕಾರು ದಿನ ಹಾಗೆಯೇ ಬಿಟ್ಟೆವು. ನೆರೆಮನೆಯ ಹಿರಿಯರು, "ತಮ್ಮಾ, ಅದನ್ನ ಇಳಸಪ್ಪಾ, ನೋಡಾಕ ಆಗವಲ್ದು" ಎಂದಾಗ ನಾಚಿಕೆಯಾಯಿತು.

ಆದಕಾರಣ ಈ ಸಲ ಬೆಳಗಾವಿಯಿಂದ ಕುಟುಂಬಸಮೇತರಾಗಿ ಹುಬ್ಬಳ್ಳಿಯ ಬೆಂಗೇರಿಗೆ ಹೊರಟೆವು. ದಾರಿ ತಿರುಗಿಸಿ ಗರಗಕ್ಕೆ ಹೋಗಿ, ಶ್ರೀ ಮಡಿವಾಳೇಶ್ವರರ ಗದ್ದುಗೆಗೆ ಶರಣು ಸಲ್ಲಿಸಿದೆವು. ಭಕ್ತರಿಗೆ ಗರಗವೆಂದರೆ ಮಠದ ಊರು. ಆದರೆ ರಾಷ್ಟ್ರಧ್ವಜದ ಖಾದಿಯನ್ನು ಬಹುಕಾಲದಿಂದ ನೇಯುತ್ತ ಬಂದ ಊರೂ ಅದೇ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಬೆಂಗೇರಿಯಲ್ಲಿರುವುದು 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಇದು ಭಾರತೀಯ ಮಾನಕ ಸಂಸ್ಥೆಯ ಮನ್ನಣೆ ಪಡೆದು ಧ್ವಜ ತಯಾರಿಸುತ್ತದೆ. ಬಟ್ಟೆ ಬಾಗಲಕೋಟೆ ಸೀಮೆಯಿಂದ ಬರುತ್ತದೆ. ಇಲ್ಲಿ ಅದಕ್ಕೆ ಬಣ್ಣ ಕಟ್ಟಿ, ಬಿಳಿಯ ಪಟ್ಟಿಯ ಎರಡೂ ಮಗ್ಗುಲಿಗೆ ಚಕ್ರವನ್ನು ಅಚ್ಚೊತ್ತುತ್ತಾರೆ. ಒಂದರ ಬೆನ್ನಿಗೆ ಇನ್ನೊಂದು ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು. ಅರಗಳು 24. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು. ಅಂಗೈಗಿಂತ ತುಸು ದೊಡ್ಡದಾದ 6x4 ಅಂಗುಲದಿಂದ 21x14 ಅಡಿಯವರೆಗೆ ಒಂಬತ್ತು ಅಳತೆಗಳುಂಟು. ಕೆಲಸಗಾರರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರನ್ನು ಕಂಡಾಗ ನೂಲುವುದನ್ನೇ ಕಾಯಕವಾಗಿಸಿಕೊಂಡಿದ್ದ ಶರಣೆ ಕದಿರ ರೆಮ್ಮವ್ವೆಯ ನೆನಪಾಯಿತು.

ಮೇಲಿನ ಕೇಸರಿಯನ್ನು ಮಠದ ಕಾವಿಯೆಂದೇ ನಮ್ಮ ಮಗ ತಿಳಿದಿದ್ದ. ಹಾಗಲ್ಲ. 1947ರ ಜುಲೈ 22ರಂದು ಸಂವಿಧಾನ ಸಭೆಯು ಈ ಧ್ವಜವನ್ನು ಅಂಗೀಕರಿಸಿದಾಗ, ಬಣ್ಣಗಳಿಗೆ ಯಾವ ಮತದ ಅರ್ಥವೂ ಇಲ್ಲವೆಂದು ನೆಹರೂ ಸ್ಪಷ್ಟಪಡಿಸಿದರು. ಕೇಸರಿ ತ್ಯಾಗವನ್ನು, ಬಿಳುಪು ಸತ್ಯದ ಬೆಳಕನ್ನು, ಹಸಿರು ಮಣ್ಣಿನೊಡನೆ ನಮಗಿರುವ ನಂಟನ್ನು, ಚಕ್ರವು ಧರ್ಮವನ್ನೂ ಚಲನೆಯನ್ನೂ ಸೂಚಿಸುತ್ತವೆಂದು ರಾಧಾಕೃಷ್ಣನ್ ವಿವರಿಸಿದರು. ಮುಂದಾಳುಗಳು ಸ್ವಂತ ಲಾಭವನ್ನು ತೊರೆದಿರಬೇಕೆಂಬುದು ಆ ಕೇಸರಿಯ ತಾತ್ಪರ್ಯ. (ಇಂದಿನ ಮುಂದಾಳುಗಳ ಮಾತು ಇಲ್ಲಿ ಬೇಡ.)

1931ರ ಧ್ವಜದಲ್ಲಿದ್ದ ಚರಕದ ಜಾಗಕ್ಕೆ ಅಂದು ಸಾರನಾಥದ ಅಶೋಕಸ್ತಂಭದ ಚಕ್ರ ಬಂದಿತು. ಚಿತ್ರದಿಂದ ಚರಕ ಹೋದರೂ ಬಟ್ಟೆಯಲ್ಲಿ ಅದು ಉಳಿದಿತ್ತು, ಏಕೆಂದರೆ ಧ್ವಜವು ಕೈನೂಲಿನ, ಕೈಮಗ್ಗದ ಖಾದಿಯದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿಯು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರಿಗೂ ಅನುಮತಿ ನೀಡಿತು. ಮನೆಮನೆಗೂ ಧ್ವಜ ತಲುಪಲಿ ಎಂಬ ಆಶಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೂಲುವ ಕೈಗಳ ಗತಿಯೇನು? ಬೆಂಗೇರಿಯ ಸಂಘವು ಅಂದು ಇದನ್ನೇ ಕೇಳಿ ಪ್ರತಿಭಟಿಸಿತ್ತು.

ನಮ್ಮ ಮಾಳಿಗೆಯ ಕಂಬಕ್ಕೆ 3x2 ಅಡಿಯದು ಸಾಕೆನಿಸಿತು. ಬೆಲೆ ಪಾಲಿಯೆಸ್ಟರಿಗಿಂತ ಬಹಳ ಹೆಚ್ಚು. ಮನೆಯವರು ಮುಖ ನೋಡಿದರು, ಆದರೂ ಕೊಂಡೆವು. 2022ರ ಜುಲೈಯಿಂದ ಮನೆಯ ಮೇಲೆ ಹಗಲಿರುಳೂ ಹಾರಿಸಬಹುದಾದರೂ, ಖಾದಿಯು ಮಳೆಯನ್ನು ಹೆಚ್ಚು ಕಾಲ ತಾಳದು. ಬೆಳಿಗ್ಗೆ ಚುರುಕಾಗಿ ಏರಿಸಿ, ಸಂಜೆ ನಿಧಾನವಾಗಿ, ನೆಲಕ್ಕೆ ತಾಗದಂತೆ ಇಳಿಸುವುದೆಂದು ನಿಶ್ಚಯಿಸಿದೆವು.

ಊರಿಗೆ ಮರಳಿದ ಮೇಲೆ, ಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಹರಕು ಬಾವುಟವನ್ನು ನಿಯಮದಂತೆ ಏಕಾಂತದಲ್ಲಿ, ಗೌರವದಿಂದ ಅಗ್ನಿಗೆ ಒಪ್ಪಿಸಿದೆವು. ನೆರೆಮನೆಯ ಹಿರಿಯರೂ ಬಂದು ನಿಂತಿದ್ದರು.