ಅಷ್ಟಕೋನದ ಊರು ಆಬಿಂಗ್ಡನ್

ಆಕ್ಸ್‌ಫರ್ಡ್ ನಗರದಿಂದ ದಕ್ಷಿಣಕ್ಕೆ ಆರು ಮೈಲಿ ಸಾಗಿದರೆ ಥೇಮ್ಸ್ ನದಿಯ ದಂಡೆಯ ಮೇಲೆ ಆಬಿಂಗ್ಡನ್ ಎಂಬ ಪಟ್ಟಣ ಸಿಗುತ್ತದೆ. ೧೪೧೬ರಲ್ಲಿ ಮೊದಲು ಕಟ್ಟಿಸಿದ ಸೇತುವೆ, ಉದ್ದಕ್ಕಿಂತ ಅಗಲವೇ ಹೆಚ್ಚಾಗಿರುವ ಸೇಂಟ್ ಹೆಲೆನ್ ಇಗರ್ಜಿ, ನೀರಿನ ಮೇಲೆ ತೇಲುವ ಹಂಸಗಳು—ಇಂಗ್ಲೆಂಡಿನ ನದೀತೀರದ ಊರೊಂದರಲ್ಲಿ ಪ್ರವಾಸಿಯು ಏನನ್ನು ನಿರೀಕ್ಷಿಸುವನೋ ಅದೆಲ್ಲವೂ ಇಲ್ಲಿದೆ. ಪೇಟೆಯ ನಡುವೆ ಕಲ್ಲಿನ ಕಂಬಗಳ ಮೇಲೆ ನಿಂತಿರುವ ಕೌಂಟಿ ಹಾಲ್ ಎಂಬ ಭವ್ಯ ಕಟ್ಟಡ ೧೬೭೮ ಮತ್ತು ೧೬೮೨ರ ನಡುವೆ ನಿರ್ಮಾಣವಾದುದು. ರಾಜಮನೆತನದ ಪಟ್ಟಾಭಿಷೇಕವೋ ವಿವಾಹವೋ ಆದಾಗ ಪಟ್ಟಣದ ಹಿರಿಯರು ಇದರ ಮಾಳಿಗೆಯನ್ನೇರಿ, ಕೆಳಗೆ ನೆರೆದ ಜನರತ್ತ ಸಿಹಿ ಬನ್ನುಗಳನ್ನು ಎಸೆಯುವ ವಿಚಿತ್ರ ಪದ್ಧತಿ ಇಂದಿಗೂ ಉಳಿದುಬಂದಿದೆ. ಹಿಂದಿನ ಸಂಭ್ರಮಗಳಲ್ಲಿ ಎಸೆದ ಬನ್ನುಗಳಲ್ಲಿ ಕೆಲವನ್ನು ಒಣಗಿಸಿ ಒಳಗಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆಂದರೆ, ಹಳೆಯದನ್ನು ಬಿಡಲೊಲ್ಲದ ಈ ಊರಿನ ಸ್ವಭಾವ ವಾಚಕರಿಗೆ ತಿಳಿದೀತು.

ಅದೇ ಸಂಗ್ರಹಾಲಯದಲ್ಲಿ ಬನ್ನುಗಳಿಗಿಂತ ಬಹಳ ದೊಡ್ಡದಾದ ಇನ್ನೊಂದು ವಸ್ತುವಿದೆ. ಅದೊಂದು ಮೋಟಾರು ಕಾರು. ಅದರ ಮೂತಿಯ ಮೇಲೆ ಎಂಟು ಮೂಲೆಗಳ ಚೌಕಟ್ಟಿನೊಳಗೆ ಎಂ.ಜಿ. ಎಂಬ ಎರಡು ಅಕ್ಷರಗಳಿವೆ. ೨೦೧೯ರಿಂದೀಚೆಗೆ ಬೆಂಗಳೂರಿನ ಬೀದಿಗಳಲ್ಲಿಯೂ ಎತ್ತರವಾದ ಹೊಸ ಬಂಡಿಗಳ ಮೇಲೆ ಈ ಅಷ್ಟಕೋನ ಕಾಣಿಸಿಕೊಂಡಿದೆ. ಆದರೆ ಆಬಿಂಗ್ಡನ್ನಿನವರಿಗೆ ಅದರ ಅರ್ಥವೇ ಬೇರೆ.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ವಿಲಿಯಂ ಮಾರಿಸನ ಮಾರಾಟದ ಅಂಗಡಿಗೆ ಆ ಹೆಸರಿತ್ತು. ೧೯೨೨ರಲ್ಲಿ ಅದರ ಮುಖ್ಯಾಧಿಕಾರಿಯಾದ ಸೆಸಿಲ್ ಕಿಂಬರನಿಗೆ ಸಾಮಾನ್ಯ ಕಾರುಗಳನ್ನು ಮಾರಿ ತೃಪ್ತಿಯಾಗಲಿಲ್ಲ. ಅವುಗಳ ಮೇಲೆ ತಗ್ಗಾದ, ಚೆಲುವಾದ, ಚುರುಕಾದ ಮೈಯನ್ನು ಕೂರಿಸಿದನು. ಕೊಳ್ಳುವವರು ಹೆಚ್ಚಿದರು, ಜಾಗ ಸಾಲದಾಯಿತು. ೧೯೨೯ರಲ್ಲಿ ಆಬಿಂಗ್ಡನ್ನಿನ ತೊಗಲು ಕಾರ್ಖಾನೆಯೊಂದರ ಬಿಡುವಾಗಿದ್ದ ಭಾಗಕ್ಕೆ ಕೆಲಸವನ್ನೆಲ್ಲ ಸಾಗಿಸಿದನು. ಅಂದಿನಿಂದ ಐವತ್ತೊಂದು ವರ್ಷ ಆ ಊರಿನ ಮನೆಮನೆಯಲ್ಲಿಯೂ ಕಾರ್ಖಾನೆಯ ಶಿಳ್ಳೆಯೇ ಗಡಿಯಾರವಾಗಿತ್ತೆಂದರೂ ಸಲ್ಲುತ್ತದೆ. ಕಿಂಬರನ ಕೊನೆ ಮಾತ್ರ ಸುಖಕರವಾಗಿರಲಿಲ್ಲ. ೧೯೪೧ರಲ್ಲಿ ಮೇಲಿನವರೊಡನೆ ಮನಸ್ತಾಪವಾಗಿ ತಾನು ಕಟ್ಟಿದ ಕಾರ್ಖಾನೆಯಿಂದಲೇ ಹೊರಬೀಳಬೇಕಾಯಿತು. ೧೯೪೫ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡನು. ಅದೇ ವರ್ಷದ ಕೊನೆಯಲ್ಲಿ, ಅವನ ಕಾರ್ಖಾನೆಗೆ ಲೋಕಪ್ರಸಿದ್ಧಿಯನ್ನು ತಂದ ಟಿ.ಸಿ. ಎಂಬ ಪುಟ್ಟ ಕಾರು ಹೊರಬಂದಿತು.

೧೯೬೨ರಲ್ಲಿ ಬಂದ ಎಂ.ಜಿ.ಬಿ. ಅದಕ್ಕಿಂತಲೂ ಹೆಚ್ಚು ಜನರನ್ನು ಮುಟ್ಟಿತು. ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಮೀರಿ ತಯಾರಾದುವು. ೧೭೯೮ ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನು, ಇಬ್ಬರಿಗೆ ಆಸನ, ಮಡಿಸಬಹುದಾದ ಬಟ್ಟೆಯ ಮುಚ್ಚಿಗೆ, ಗಂಟೆಗೆ ನೂರು ಮೈಲಿಗೆ ಸ್ವಲ್ಪ ಮೇಲಿನ ವೇಗ—ಇದರಲ್ಲಿ ಮಹಾ ವಿಶೇಷವೇನೂ ಇಲ್ಲ. ವಿಶೇಷವೇನೂ ಇಲ್ಲದಿರುವುದೇ ಅದರ ಭಾಗ್ಯವಾಯಿತು. ಒಬ್ಬ ಗುಮಾಸ್ತನೋ ಉಪಾಧ್ಯಾಯನೋ ಕೊಳ್ಳಬಹುದಾದ ಬೆಲೆ. ಸಾಮಾನ್ಯ ಉಪಕರಣಗಳಿಂದ ಬಿಚ್ಚಬಹುದಾದ ಯಂತ್ರ. ೧೯೮೦ರ ಅಕ್ಟೋಬರಿನಲ್ಲಿ ಆಬಿಂಗ್ಡನ್ ಕಾರ್ಖಾನೆಯ ಬಾಗಿಲು ಮುಚ್ಚಿತು. ತಂದೆ ಮಕ್ಕಳು ಒಟ್ಟಿಗೆ ದುಡಿದ ಸಾಲುಗಳು ಬರಿದಾದುವು. ಆದರೆ ಬಂಡಿಗಳು ಸಾಯಲು ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ನಿಂತುಹೋದ ಕೆಲಸ ಮನೆಗಳ ಹಿತ್ತಿಲಿಗೆ ಬಂದಿತು.

ಇಂಗ್ಲೆಂಡಿನ ಊರುಗಳಲ್ಲಿ ಸಂಜೆಯ ಹೊತ್ತು ತಿರುಗಾಡುವವನಿಗೆ ಆಗಾಗ ಒಂದು ದೃಶ್ಯ ಕಾಣುವುದುಂಟು. ಎರಡು ಮನೆಗಳು ಜೋಡಿಯಾಗಿ ಅಂಟಿಕೊಂಡಿರುವ ಸಾಲು. ಪಕ್ಕದಲ್ಲಿ ಇಕ್ಕಟ್ಟಾದ ಮೋಟಾರು ಕೊಟ್ಟಿಗೆ. ಅರೆತೆರೆದ ಬಾಗಿಲಿನಿಂದ ಹಳದಿ ಬೆಳಕು. ಕಾರಿನ ಕೆಳಗಿನಿಂದ ಹೊರಚಾಚಿದ ಎರಡು ಕಾಲುಗಳು. ಕೊಟ್ಟಿಗೆ ಎಷ್ಟು ಕಿರಿದಾಗಿರುತ್ತದೆಂದರೆ, ಬಾಗಿಲನ್ನು ಪೂರ್ತಿ ತೆರೆಯಲು ಕಾರನ್ನು ಮೊದಲು ಅಂಗಳಕ್ಕೆ ತಳ್ಳಬೇಕು. ಮನೆಯೊಡತಿ ಚಹಾದ ಬಟ್ಟಲನ್ನು ತಂದು ಆ ಕಾಲುಗಳ ಬಳಿಯಿಟ್ಟು ಏನೂ ಹೇಳದೆ ಹಿಂದಿರುಗುತ್ತಾಳೆ. ಒಳಗೆ ಅಡಿಗೆಮನೆಯ ಬಚ್ಚಲಲ್ಲಿ ಕಾರ್ಬುರೇಟರಿನ ಬಿಡಿಭಾಗಗಳು ನೆನೆಯುತ್ತಿದ್ದರೆ ಮಾತ್ರ ಅವಳು ಏನಾದರೂ ಹೇಳುವುದುಂಟು.

ಎಂ.ಜಿ.ಬಿ.ಯ ಶತ್ರು ಎಂಜಿನಿನಲ್ಲಿಲ್ಲ, ಅಡಿಯಲ್ಲಿದೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಹೆಪ್ಪುಗಟ್ಟದಿರಲೆಂದು ಅಲ್ಲಿ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಚಕ್ರಗಳಿಂದ ಸಿಡಿದು ಬಾಗಿಲುಗಳ ಕೆಳಗಿನ ಟೊಳ್ಳು ತೊಲೆಗಳನ್ನು ಹೊಕ್ಕು ಅಲ್ಲೇ ಕೂರುತ್ತದೆ. ಈ ಕಾರಿಗೆ ಪ್ರತ್ಯೇಕವಾದ ಅಸ್ಥಿಪಂಜರವಿಲ್ಲ. ತಗಡಿನ ಮೈಯೇ ಅದರ ಬಲ. ಆ ಬಲದ ಬಹುಭಾಗ ಇರುವುದು ಈ ತೊಲೆಗಳಲ್ಲಿ. ಹೊರಗೆ ಹೊಳೆಯುವ ಬಣ್ಣ, ಒಳಗೆ ತುಕ್ಕಿನ ಪುಡಿ. ತಿರುಪುಳಿಯಿಂದ ಒತ್ತಿದರೆ ಕೆಲವೊಮ್ಮೆ ಹಪ್ಪಳದಂತೆ ಒಳಗೆ ಇಳಿಯುತ್ತದೆ. ಹಾಗೆ ಇಳಿದ ದಿನ ಗೃಹಸ್ಥನ ಮುಖವನ್ನು ನೋಡಬೇಕು. ತಂದೆ ಕೊಂಡ ಕಾರು, ಮದುವೆಯ ಹೊಸತರಲ್ಲಿ ಇಬ್ಬರೂ ಸಮುದ್ರತೀರಕ್ಕೆ ಹೋಗಿಬಂದ ಕಾರು. ಅದನ್ನು ಬಿಡಿಭಾಗಗಳಿಗಾಗಿ ಮಾರಿಬಿಡಬೇಕೇ, ಕೊಯ್ದು ಸರಿಪಡಿಸಬೇಕೇ ಎಂಬುದನ್ನು ಅವನು ಆಗ ತೀರ್ಮಾನಿಸಬೇಕು.

ಕೊಯ್ಯುವುದೆಂದರೆ ಕೊಯ್ಯುವುದೇ. ತೊಲೆಯ ಮೂರು ಪದರಗಳನ್ನೂ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು. ಆದರೆ ಅದಕ್ಕೆ ಮುಂಚೆ ಕಾರನ್ನು ಸಮವಾಗಿ ಎತ್ತಿ, ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ, ಬಾಗಿಲಿನ ತೆರಪಿಗೆ ಅಡ್ಡಲಾಗಿ ಉಕ್ಕಿನ ಸಲಾಕೆಯನ್ನು ಬಿಗಿಯಬೇಕು. ಈ ಒಂದು ಗಂಟೆಯ ಕೆಲಸವನ್ನು ಬೇಸರಿಸಿ ಬಿಟ್ಟವನ ಕಾರು ನಡುವಿನಲ್ಲಿ ಅರಿಯದಷ್ಟು ಜಗ್ಗುತ್ತದೆ. ಹಾಗೆ ಜಗ್ಗಿದಂತೆಯೇ ಬೆಸುಗೆಯೂ ಕೂರುತ್ತದೆ. ಮುಂದೆ ಬಣ್ಣವೆಲ್ಲ ಮುಗಿದ ಮೇಲೆ ಬಾಗಿಲನ್ನು ಜೋಡಿಸಲು ಹೋದರೆ ಅದು ಮುಚ್ಚುವುದಿಲ್ಲ. ಎಷ್ಟು ತಿಂಗಳ ಶ್ರಮ ಹೀಗೆ ಮಣ್ಣುಗೂಡಿದೆಯೋ ಹೇಳತೀರದು. ಬಲ್ಲವರು ಬೆಸುಗೆಯ ನಡುನಡುವೆ ಬಾಗಿಲನ್ನು ಕೂರಿಸಿ ತೆಗೆದು, ಅಂಚಿನ ಬಿರುಕು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದೆಯೇ ಎಂದು ಬೆರಳಿನಿಂದ ನೋಡುತ್ತಾರೆ. ಬಿಚ್ಚಿದುದನ್ನು ಹಿಂದುಮುಂದಾಗಿ ಜೋಡಿಸಿದರೆ ಮುಗಿಯಿತು ಎಂದು ದುರಸ್ತಿಯ ಕೈಪಿಡಿಗಳು ಹೇಳುವುದುಂಟು. ಬರೆದವರು ಕೊಟ್ಟಿಗೆಯ ಚಳಿಯಲ್ಲಿ ಬರೆದಿರಲಾರರು.

ಮೈ ಪೂರ್ತಿ ಹೋಗಿದ್ದರೆ? ಅದಕ್ಕೂ ಉಪಾಯವಿದೆ. ಕಾರ್ಖಾನೆಯ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, ೧೯೮೮ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಎಂ.ಜಿ.ಬಿ.ಯ ಮೈಯನ್ನು ಹೊಸದಾಗಿಯೇ ತಯಾರಿಸತೊಡಗಿತು. ಬೇಕಾದವರು ಅದನ್ನು ತರಿಸಿ, ಹಳೆಯ ಎಂಜಿನು, ಆಸನ, ಚಕ್ರಗಳನ್ನು ಅದಕ್ಕೆ ವರ್ಗಾಯಿಸಬಹುದು. ಹಾಗಾದರೆ ಅದು ಹಳೆಯ ಕಾರೇ, ಹೊಸದೇ? ಈ ಪ್ರಶ್ನೆಯನ್ನೆತ್ತಿದರೆ ಎಂ.ಜಿ. ಪ್ರೇಮಿಗಳ ಕೂಟದಲ್ಲಿ ರಾತ್ರಿ ಬೆಳಗಾದರೂ ವಾದ ಮುಗಿಯದು. ಊರ ತೇರಿನ ಗಾಲಿ ಒಂದು ತಲೆಮಾರಿನಲ್ಲಿ, ಅಚ್ಚು ಇನ್ನೊಂದು ತಲೆಮಾರಿನಲ್ಲಿ ಬದಲಾಗಿಯೂ ಅದೇ ತೇರೆಂದು ಹಗ್ಗ ಹಿಡಿಯುವ ಕನ್ನಡಿಗರಿಗೆ ಇದು ಅಷ್ಟು ಕಠಿಣವಾದ ಸಮಸ್ಯೆಯೆನಿಸಲಾರದು.

ತಗಡಿನ ಕೆಲಸ ಕ್ರೂರವಾದರೆ ಕಾರ್ಬುರೇಟರಿನದು ಸಂಗೀತ. ಎಂ.ಜಿ.ಬಿ.ಗೆ ಎಸ್.ಯು. ಜಾತಿಯ ಎರಡು ಕಾರ್ಬುರೇಟರುಗಳು ಬಹುಕಾಲ ಇದ್ದುವು. ಎಂಜಿನು ಉಸಿರೆಳೆದಂತೆ ಒಳಗಿನ ಕೊಂತ ಮೇಲೇಳುತ್ತದೆ. ಅದಕ್ಕೆ ಅಂಟಿದ ಚೂಪಾದ ಸೂಜಿ ರಂಧ್ರದಿಂದ ಹೊರಬಂದು, ಎಷ್ಟು ಗಾಳಿಯೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಬಿಡುತ್ತದೆ. ಕೊಂತ ತಟಕ್ಕನೆ ಜಿಗಿಯದಿರಲೆಂದು ಮೇಲ್ಗಡೆಯ ಕೊಳವೆಯಲ್ಲಿ ತುಸು ತೆಳುವಾದ ಎಣ್ಣೆ. ಎರಡೂ ಸಮನಾಗಿ ಉಸಿರಾಡಬೇಕು. ಅದನ್ನು ಪರೀಕ್ಷಿಸಲು ಉಪಕರಣಗಳುಂಟು. ಆದರೆ ಹಳಬರು ಒಂದು ತುಂಡು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಾರ್ಬುರೇಟರುಗಳ ಬಾಯಿಗೆ ಸರದಿಯಂತೆ ಹಿಡಿದು, ಸುಯ್ಲಿನ ಸದ್ದನ್ನು ಹೋಲಿಸುತ್ತಾರೆ. ತಂಬೂರಿಯ ತಂತಿಗಳನ್ನು ಶ್ರುತಿಗೆ ತರುವವನ ಮುಖದಲ್ಲಿ ಕಾಣುವ ಏಕಾಗ್ರತೆಯೇ ಅಲ್ಲಿಯೂ ಕಾಣುತ್ತದೆ. ಬಳಿಕ ಕೊಂತವನ್ನು ಕೂದಲೆಳೆಯಷ್ಟು ಎತ್ತಿ ನೋಡುವುದು. ಎಂಜಿನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ತಡವರಿಸಿದರೆ ಕಡಿಮೆ, ಕ್ಷಣಕಾಲ ಏರಿ ಮತ್ತೆ ತನ್ನ ಲಯಕ್ಕೆ ಇಳಿದರೆ ಸರಿ.

ಹಳೆಯ ಟಿ.ಸಿ.ಯ ಒಡೆಯನ ಕಷ್ಟಗಳು ಇನ್ನೊಂದು ಬಗೆ. ಅದರ ಮೈಯೊಳಗಿನ ಚೌಕಟ್ಟು ಮರದ್ದು. ಅಲ್ಲಿ ತುಕ್ಕಿಗಿಂತ ತೇವದ ಭಯ. ಎಂಜಿನಿನ ತಿರುಪುಗಳಲ್ಲಿ ಸುರುಳಿ ಫ್ರೆಂಚರ ಮೆಟ್ರಿಕ್ ಪದ್ಧತಿಯದು, ತಲೆ ಮಾತ್ರ ಇಂಗ್ಲಿಷರ ವಿಟ್‌ವರ್ತ್ ಅಳತೆಯದು! ಅಂಗಡಿಯಿಂದ ತಂದ ತಿರುಪು ಸುರುಳಿಗೆ ಕೂತರೆ ಕೀಲಿಗೆ ಸಿಗದು, ಕೀಲಿಗೆ ಸಿಕ್ಕಿದರೆ ಸುರುಳಿಗೆ ಕೂರದು. ತಂತಿಕಡ್ಡಿಗಳ ಚಕ್ರವನ್ನು ಹಿಡಿದಿರುವುದು ಎರಡು ಕಿವಿಗಳ ಒಂದೇ ಒಂದು ದೊಡ್ಡ ತಿರುಪು. ತಾಮ್ರದ ಸುತ್ತಿಗೆಯಿಂದ ಹೊಡೆದು ಅದನ್ನು ಬಿಚ್ಚಬೇಕು. ಎಡಬಲಗಳ ಸುರುಳಿ ಒಂದಕ್ಕೊಂದು ವಿರುದ್ಧ.

ಇದೆಲ್ಲ ಹವ್ಯಾಸದ ಮಾತು. ಹವ್ಯಾಸವಲ್ಲದ ಭಾಗವೊಂದಿದೆ, ಅದೇ ಬ್ರೇಕು. ಆರಂಭದ ಎಂ.ಜಿ.ಬಿ.ಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ದ್ರವದ ಮಾರ್ಗ. ಕಾರಿನ ಅಡಿಯಲ್ಲಿ ಸಾಗುವ ಪೆನ್ಸಿಲಿನಷ್ಟು ತೆಳುವಾದ ಕೊಳವೆ ಎಲ್ಲಿಯಾದರೂ ತುಕ್ಕಿನಿಂದ ತೂತಾದರೆ ಕಾಲಿನಡಿಯ ಮೆಟ್ಟು ನೆಲವನ್ನು ಮುಟ್ಟುತ್ತದೆ, ಬಂಡಿ ನಿಲ್ಲುವುದಿಲ್ಲ. ೨೦೧೮ರಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಟಾಗದ ಕಾರುಗಳಿಗೆ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಸರ್ಕಾರದ ಕಣ್ಣು ಮುಚ್ಚಿದಲ್ಲಿ ಒಡೆಯನ ಕಣ್ಣು ತೆರೆದಿರಬೇಕಾಯಿತು. ವಿನಾಯಿತಿಯಿದ್ದರೂ ಸ್ವಂತ ಇಚ್ಛೆಯಿಂದ ತಪಾಸಣೆಗೆ ಒಯ್ಯುವವರೂ ಅನೇಕರಿದ್ದಾರೆ, ಅವರೇ ಜಾಣರು. ಪಕ್ಕದ ಆಸನದಲ್ಲಿ ಕೂರುವವಳು ಕೊಳವೆಯನ್ನು ನೋಡಿರುವುದಿಲ್ಲ, ನೋಡಿದವನನ್ನು ನಂಬಿ ಕೂತಿರುತ್ತಾಳೆ.

ಏಪ್ರಿಲ್ ಬರುತ್ತದೆ. ಮಳೆ ರಸ್ತೆಯ ಉಪ್ಪನ್ನು ತೊಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ಪೂರ್ತಿ ತೆರೆಯುತ್ತದೆ. ಮೊದಲ ತಿರುಗಿಗೆ ಕೆಮ್ಮಿ, ಎರಡನೆಯದಕ್ಕೆ ಗೊಣಗಿ, ಮೂರನೆಯದಕ್ಕೆ ಎಂಜಿನು ಬಾಯಿಬಿಡುತ್ತದೆ. ನೆರೆಮನೆಯ ಕಿಟಕಿಯ ಪರದೆ ಸರಿಯುತ್ತದೆ.

ಆಬಿಂಗ್ಡನ್ನಿನಿಂದ ನೈಋತ್ಯಕ್ಕೆ ಸುಮಾರು ಹತ್ತು ಮೈಲಿ ಹೋದರೆ ವಾಂಟೇಜ್. ಆಲ್ಫ್ರೆಡ್ ದೊರೆ ಹುಟ್ಟಿದ ಊರು. ಪೇಟೆಯ ಚೌಕದಲ್ಲಿ ಅವನ ಪ್ರತಿಮೆಯಿದೆ. ಅಲ್ಲಿಂದ ಪಶ್ಚಿಮಕ್ಕೆ ಸುಣ್ಣದ ಬೆಟ್ಟಗಳ ಬುಡವನ್ನೇ ಹಿಡಿದು ಏರಿಳಿಯುವ ಕಿರಿದಾದ ರಸ್ತೆ ಇಂತಹ ಕಾರುಗಳಿಗೆಂದೇ ಮಾಡಿದಂತಿದೆ. ಗಂಟೆಗೆ ನಲವತ್ತು ಮೈಲಿಯ ವೇಗವೇ ಎಂಬತ್ತರಂತೆ ತೋರುತ್ತದೆ. ಆಸನ ಅಷ್ಟು ತಗ್ಗು, ಗಾಳಿ ಅಷ್ಟು ಹತ್ತಿರ. ಬೇಲಿಯ ಹೂವಿನ ಗಂಧ, ತೋಯ್ದ ಹುಲ್ಲಿನ ಗಂಧ, ಕಾದ ಎಣ್ಣೆಯ ಗಂಧ ಒಂದಾದ ಮೇಲೊಂದು ಬರುತ್ತವೆ. ಮಾತನಾಡಬೇಕಾದರೆ ಕೂಗಬೇಕು, ಆದುದರಿಂದ ಯಾರೂ ಮಾತನಾಡುವುದಿಲ್ಲ.

ಹಾದಿಯ ಕೊನೆಯಲ್ಲಿ ಅಫಿಂಗ್ಟನ್ನಿನ ಬಿಳಿಯ ಕುದುರೆ. ಹಸುರು ಗುಡ್ಡದ ಮೈಯನ್ನು ಅಗೆದು, ತೋಡಿನಲ್ಲಿ ಸುಣ್ಣದ ಕಲ್ಲನ್ನು ತುಂಬಿ ಬಿಡಿಸಿದ, ಸುಮಾರು ೩೬೦ ಅಡಿ ಉದ್ದದ ಚಿತ್ರ. ಅದರ ವಯಸ್ಸು ಮೂರು ಸಾವಿರ ವರ್ಷಗಳ ಆಸುಪಾಸು. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳಿಗೆ ದಾರಿಯ ಗುರುತಾಗದಿರಲೆಂದು ಅದನ್ನು ಮುಚ್ಚಿದ್ದರು. ಹಾಗೆಯೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹುಲ್ಲು ಬೆಳೆದು ಕುದುರೆ ಮಾಯವಾಗುತ್ತದೆ. ಆದುದರಿಂದ ಸುತ್ತಣ ಜನರು ತಲೆಮಾರುಗಳಿಂದ ಕಳೆ ಕಿತ್ತು ಅದನ್ನು ಚೊಕ್ಕಟಗೊಳಿಸುತ್ತ ಬಂದಿದ್ದಾರೆ. ಈಗಲೂ ಸ್ವಯಂಸೇವಕರು, ಮಕ್ಕಳನ್ನೂ ಕರೆದುಕೊಂಡು, ಮೊಣಕಾಲೂರಿ ಕುಳಿತು ಹೊಸ ಸುಣ್ಣದ ಕಲ್ಲನ್ನು ಸುತ್ತಿಗೆಯಿಂದ ಕುಟ್ಟಿ ಕೂರಿಸುತ್ತಾರೆ.

ಗುಡ್ಡದ ನೆತ್ತಿಯಲ್ಲಿ ಗಾಳಿ ಜೋರಾಗಿರುತ್ತದೆ. ಗೃಹಸ್ಥನು ಬುತ್ತಿ ಬಿಚ್ಚಿ ಕುಳಿತವನು ಅರ್ಧದಲ್ಲೇ ಎದ್ದು, ಕೆಳಗೆ ನಿಲ್ಲಿಸಿದ ಕಾರಿನ ಕಡೆಗೆ ಒಮ್ಮೆ ನೋಡಿ ಮತ್ತೆ ಕೂರುತ್ತಾನೆ. ಸಂಜೆ ಮನೆಗೆ ಮರಳಿದ ಮೇಲೆ ಕೊಟ್ಟಿಗೆಯಲ್ಲಿ ಎಂಜಿನಿನ ಅಡಿಗೆ ಹಳೆಯ ತಟ್ಟೆಯೊಂದನ್ನು ತಳ್ಳುತ್ತಾನೆ. ಕಾವು ಆರುವ ಲೋಹ ಕತ್ತಲಲ್ಲಿ ಟಿಕ್ ಟಿಕ್ ಎನ್ನುತ್ತದೆ. ತಟ್ಟೆಗೆ ಎಣ್ಣೆಯ ಒಂದು ಹನಿ ಬೀಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಅವನು ದೀಪವನ್ನು ಮತ್ತೆ ಹಚ್ಚಿ, ಬಗ್ಗಿ, ಅದು ಎಲ್ಲಿಂದ ಬರುತ್ತಿದೆಯೆಂದು ನೋಡತೊಡಗುತ್ತಾನೆ.