ಟ್ಯೂಬಿಂಗನ್ನಿಗೆ ಹೊರಡುವ ಮುನ್ನ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನಮ್ಮ ಗುರುಗಳು ಹೇಳಿ ಕಳುಹಿಸಿದಾಗ ನಾನು ಮಲ್ದಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಾಗದಪತ್ರಗಳನ್ನು ಹರಡಿಕೊಂಡು ಕುಳಿತಿದ್ದೆ. ಇನ್ನು ಮೂರು ವಾರಗಳಲ್ಲಿ ಜರ್ಮನಿಗೆ ಹೊರಡಬೇಕು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವಾರಗಳ ಬೇಸಿಗೆ ಭಾಷಾ ಶಿಬಿರ. 1925ರಲ್ಲಿ ಸ್ಥಾಪಿತವಾದ ಜರ್ಮನ್ ವಿದ್ಯಾವಿನಿಮಯ ಸಂಸ್ಥೆ ಡಿ.ಎ.ಎ.ಡಿ. ಕೊಡುವ ವಿದ್ಯಾರ್ಥಿವೇತನ ನನಗೆ ದೊರೆತಿದೆ. ಇಂತಹ ಗಡಿಬಿಡಿಯಲ್ಲಿ ಲೇಖನವೆಲ್ಲಿ ಬಂತು ಎಂದು ಮೊದಲು ಅನ್ನಿಸಿದ್ದು ನಿಜ. ಆದರೆ ಈ ಪ್ರಯಾಣದ ಸಿದ್ಧತೆಯೇ ನನ್ನನ್ನು ಮತ್ತೆ ನಮ್ಮ ಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿತಾದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ಹೊರದೇಶಕ್ಕೆ ಹೋಗುವುದೆಂದರೆ ಮೊದಲು ಕಾಗದಗಳೊಡನೆ ಹೋರಾಟ. ಪಾಸ್‌ಪೋರ್ಟು ಬೇಕು, ವೀಸಾ ಬೇಕು, ಮೂವತ್ತು ಸಾವಿರ ಯೂರೋಗಳಷ್ಟು ಚಿಕಿತ್ಸಾ ವಿಮೆ ಬೇಕು. ಈ ವಿಮೆಯ ಮೊತ್ತ ನಮ್ಮ ರೂಪಾಯಿಯಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮೀರುತ್ತದೆಂದು ಕೇಳಿ ಅಪ್ಪ ಗಾಬರಿಯಾಗಿದ್ದರು. ಅಷ್ಟು ಹಣವನ್ನು ನಾವು ಕಟ್ಟಬೇಕಾಗಿಲ್ಲ, ಕಾಯಿಲೆ ಬಿದ್ದರೆ ಕಂಪನಿಯವರು ಅಷ್ಟರವರೆಗೆ ಕೊಡುತ್ತಾರೆ ಎಂದು ತಿಳಿಸಿ ಹೇಳಲು ಒಂದು ಸಂಜೆಯೇ ಬೇಕಾಯಿತು. ಇವೆಲ್ಲ ಹೇಗೋ ನಡೆದವು. ತೊಡಕಾದದ್ದು ನನ್ನ ಶಾಲಾ ವರ್ಗಾವಣೆ ಪತ್ರದಿಂದ. ಅದರಲ್ಲಿ ನನ್ನ ಹೆಸರು ಕನ್ನಡದಲ್ಲಿದೆ, ಮನೆತನದ ಹೆಸರಿಲ್ಲ. ಮುಂದಿನ ತೆಲುಗು, ಇಂಗ್ಲಿಷ್ ದಾಖಲೆಗಳಲ್ಲೆಲ್ಲ ಈ ಕಡೆಯ ಪದ್ಧತಿಯಂತೆ ಮನೆತನದ ಹೆಸರು ಮೊದಲು ಬಂದು ಕುಳಿತಿದೆ. ಇಬ್ಬರೂ ಒಬ್ಬಳೇ ಎಂಬುದಕ್ಕೆ ಆಧಾರವೇನು ಎಂದು ಒಂದು ಕಛೇರಿಯವರು ಕೇಳಿದರು. “ಇದು ಯಾವ ಲಿಪಿ?” ಎಂದೂ ಕೇಳಿದರು. ಗದ್ವಾಲದಿಂದ ರಾಯಚೂರಿಗೆ 2013ರಿಂದ ರೈಲು ಓಡಾಡುತ್ತಿದೆ. ಅದರಲ್ಲಿ ಒಂದು ಸಲ ಹೋಗಿ ಬಂದಿದ್ದರೆ ಅವರಿಗೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಇರಲಿ. ಇಂಗ್ಲಿಷ್ ಅನುವಾದ ಮಾಡಿಸಿ, ಶಾಲೆಯ ಮೊಹರು ಹಾಕಿಸಿಕೊಂಡು ತರುವಂತೆ ಅಪ್ಪಣೆಯಾಯಿತು.

ನಾನು ಗುರುಗಳಿಗೆ ಒಂದು ವಿನಂತಿ ಪತ್ರ ಬರೆದೆ. ಶಾಲೆಯಿಂದ ಹೊರಬಿದ್ದು ಎಂಟು ವರ್ಷಗಳಾಗಿದ್ದವು. ಗದ್ವಾಲದಲ್ಲಿ ಇಂಟರ್‌ಮೀಡಿಯಟ್, ಆಮೇಲೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಜರ್ಮನ್. ಈ ಎಂಟು ವರ್ಷಗಳಲ್ಲಿ ಕನ್ನಡದಲ್ಲಿ ನಾನು ಬರೆದ ಮೊದಲನೆಯ ಪೂರ್ಣ ಪುಟ ಅದೇ ಇರಬೇಕು. ಗುರುಗಳು ಪತ್ರವನ್ನು ಓದಿ, ಏನೂ ಮಾತನಾಡದೆ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ತೆಗೆದುಕೊಂಡರು. ನಾನು ‘ವಿಧ್ಯಾರ್ಥಿನಿ’ ಎಂದು ಬರೆದಿದ್ದೆ. ‘ಧೃಡೀಕರಣ’ ಎಂದೂ ಬರೆದಿದ್ದೆ. ಎರಡನ್ನೂ ಸುತ್ತುಗಟ್ಟಿ, ಪಕ್ಕದಲ್ಲಿ ‘ವಿದ್ಯಾರ್ಥಿನಿ’, ‘ದೃಢೀಕರಣ’ ಎಂದು ತಿದ್ದಿ, ಪತ್ರವನ್ನು ನನ್ನ ಕೈಗೇ ಮರಳಿಸಿದರು. “ಅನುವಾದವನ್ನು ನೀನೇ ಮಾಡಮ್ಮ. ಸರಿಯಾಗಿದ್ದರೆ ನಾನು ಸಹಿ ಹಾಕುತ್ತೇನೆ” ಎಂದರು. ಜರ್ಮನ್ ಪರೀಕ್ಷೆಯಲ್ಲಿ ಬಿ-1 ಹಂತವನ್ನು ಒಳ್ಳೆಯ ಅಂಕಗಳೊಡನೆ ದಾಟಿದ್ದೇನೆಂದು ಬೀಗುತ್ತಿದ್ದ ನನಗೆ, ಐದನೆಯ ತರಗತಿಯ ಮಕ್ಕಳ ಎದುರಿನಲ್ಲಿ ಆ ಕೆಂಪು ಗುರುತುಗಳನ್ನು ಹಿಡಿದುಕೊಂಡು ನಿಂತಾಗ ಆದ ಸಂಕೋಚವನ್ನು ಬಣ್ಣಿಸಲಾರೆ.

ಆದರೂ ಅದೇ ಶಾಲೆಯಲ್ಲಿ ಕಲಿತ ವ್ಯಾಕರಣವೇ ನನ್ನ ಜರ್ಮನ್ ಕಲಿಕೆಗೆ ಊರುಗೋಲಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈಗ ಓದುತ್ತಿರುವ ಮಕ್ಕಳು ಈ ಪುಟವನ್ನು ನೋಡಿದರೆ ಅವರಿಗೂ ಪ್ರಯೋಜನವಾದೀತು.

ಪ್ರಥಮಾ ‘ಉ’, ದ್ವಿತೀಯಾ ‘ಅನ್ನು’, ತೃತೀಯಾ ‘ಇಂದ’, ಚತುರ್ಥೀ ‘ಗೆ’ ಎಂದು ರಾಗವಾಗಿ ಒಪ್ಪಿಸುತ್ತಿದ್ದ ದಿನಗಳು ಯಾರಿಗೆ ನೆನಪಿಲ್ಲ? ನಮಗೆ ಏಳು ವಿಭಕ್ತಿಗಳು, ಜರ್ಮನ್ ಭಾಷೆಗೆ ನಾಲ್ಕು. ನಮ್ಮಲ್ಲಿ ಪ್ರತ್ಯಯವು ನಾಮಪದದ ಕೊನೆಗೆ ಅಂಟುತ್ತದೆ, ಅವರಲ್ಲಿ ಹೆಚ್ಚಾಗಿ ನಾಮಪದದ ಮುಂದಿರುವ ಪುಟ್ಟ ಪದವೊಂದು ರೂಪ ಬದಲಿಸುತ್ತದೆ. ಹೈದರಾಬಾದಿನ ತರಗತಿಯಲ್ಲಿ ಮೊದಲ ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿ ಬಂದಿದ್ದ ಗೆಳತಿಯರು ನನಗಿಂತ ಚುರುಕಾಗಿದ್ದರು. ಅವರ ನಡುವೆ ಬಾಯಿ ತೆರೆಯಲು ನನಗೆ ಅಂಜಿಕೆ. ಒಂದು ದಿನ ‘ಚಳಿಯಾಗುತ್ತಿದೆ’ ಎಂಬುದನ್ನು ಜರ್ಮನ್ ಭಾಷೆಯಲ್ಲಿ ಹೇಳಿರೆಂದು ಅಧ್ಯಾಪಕರು ಕೇಳಿದರು. ಗೆಳತಿಯರು ಇಂಗ್ಲಿಷಿನ ಜಾಡು ಹಿಡಿದು ‘ಇಷ್ ಬಿನ್ ಕಾಲ್ಟ್’ ಎಂದರು. ಹಾಗೆಂದರೆ ‘ನಾನು ತಣ್ಣಗಿದ್ದೇನೆ, ನನ್ನಲ್ಲಿ ಪ್ರೀತಿಯಿಲ್ಲ’ ಎಂದು ಅರ್ಥ ಬಂದುಬಿಡುತ್ತದೆ. ನಾನು ಮನಸ್ಸಿನಲ್ಲಿ ‘ನನಗೆ ಚಳಿ’ ಎಂದುಕೊಂಡು, ‘ನಾನು’ ಎಂಬುದನ್ನು ಚತುರ್ಥಿಗೆ ತಿರುಗಿಸಿ ‘ಮಿರ್ ಇಸ್ಟ್ ಕಾಲ್ಟ್’ ಎಂದೆ. ಅದೇ ಸರಿಯಾದ ಉತ್ತರ. ‘ನನಗೆ ಮೆಚ್ಚುಗೆಯಾಯಿತು’ ಎಂಬುದೂ ಅಲ್ಲಿ ಹೀಗೆಯೇ. ಇದು ಕನ್ನಡದ ಒಂದೇ ಭಾಗ್ಯವಲ್ಲ, ತೆಲುಗಿನಲ್ಲಿಯೂ ಇದೇ ಕ್ರಮವಿದೆ. ಆದರೆ ಹೀಗೇಕೆ ಎಂಬುದಕ್ಕೆ ಹೆಸರಿಟ್ಟು ಕಲಿಸಿದ್ದು ನಮ್ಮ ಏಳನೆಯ ತರಗತಿ.

ಉಪವಾಕ್ಯಗಳಲ್ಲಿ ಜರ್ಮನ್ ಕ್ರಿಯಾಪದವು ವಾಕ್ಯದ ಕೊನೆಗೆ ಹೋಗಿ ನಿಲ್ಲುತ್ತದೆ. ಬಹಳ ಜನರಿಗೆ ಇದು ಕಬ್ಬಿಣದ ಕಡಲೆ, ನಮಗೆ ತವರುಮನೆ. ಎರಡು ಮೂರು ನಾಮಪದಗಳನ್ನು ಕೂಡಿಸಿ ಉದ್ದನೆಯ ಒಂದೇ ಪದ ಮಾಡುವ ಅವರ ಅಭ್ಯಾಸ ಸಮಾಸ ಬಲ್ಲವರನ್ನು ಹೆದರಿಸಲಾರದು. ನನ್ನನ್ನು ಸೋಲಿಸಿದ್ದು ಲಿಂಗ. ಅವರಲ್ಲಿ ಚಂದ್ರ ಪುಲ್ಲಿಂಗ, ಸೂರ್ಯ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ! ಇದನ್ನು ಮನೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಮುತ್ಯಾ ಮಾತ್ರ ನಗಲಿಲ್ಲ. “ಅದರಾಗೇನೈತಿ? ನೀ ಸಾಲಿಯಿಂದ ಬಂದರ ‘ಹುಡುಗಿ ಬಂತು’ ಅಂತಿದ್ದಿವಲ್ಲ” ಎಂದರು. ನಿಜವೇ. ಗ್ರಂಥಸ್ಥ ಕನ್ನಡದಲ್ಲಿ ಹುಡುಗಿ ‘ಬಂದಳು’, ನಮ್ಮ ಸೀಮೆಯ ಮನೆಮಾತಿನಲ್ಲಿ ಹುಡುಗಿ ‘ಬಂತು’. ಜರ್ಮನರು ಇಪ್ಪತ್ತೊಂದನ್ನು ‘ಒಂದು ಮತ್ತು ಇಪ್ಪತ್ತು’ ಎಂದು ತಿರುಗಿಸಿ ಹೇಳುತ್ತಾರೆ ಎಂದಾಗಲೂ ಉರ್ದು ಬಲ್ಲ ಮುತ್ಯಾ “ಇಕ್ಕೀಸ್ ಅಂದರೂ ಹಂಗ ಅಲ್ಲೇನು, ಒಂದು ಮೊದಲು, ಇಪ್ಪತ್ತು ಆಮ್ಯಾಲೆ” ಎಂದುಬಿಟ್ಟರು.

ಮುತ್ಯಾನ ವಿಷಯಕ್ಕೆ ಬಂದೆ. ಈ ಪ್ರಯಾಣದ ಬಗ್ಗೆ ನಾನು ಹಿಂದೆಮುಂದೆ ನೋಡುವುದಕ್ಕೆ ಕಾರಣವೂ ಅವರೇ.

ನಮ್ಮ ಗದ್ವಾಲ ತಾಲೂಕು, ಪಕ್ಕದ ಆಲಂಪುರ ತಾಲೂಕು ಎರಡೂ ಹೈದರಾಬಾದು ಸಂಸ್ಥಾನದ ಕಾಲದಿಂದ ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರ ಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. ಮುತ್ಯಾನಿಗೆ ಆಗ ಹದಿನಾಲ್ಕು ವರ್ಷ. ಗದ್ವಾಲದಲ್ಲಿ ಮಿಡ್ಲ್ ಮುಗಿಸಿ ರಾಯಚೂರಿನ ಹೈಸ್ಕೂಲಿಗೆ ಸೇರಬೇಕೆಂದು ಆ ವರ್ಷದ ಬೇಸಿಗೆಯಲ್ಲಿ ಎಲ್ಲ ಸಿದ್ಧತೆಯೂ ಆಗಿತ್ತಂತೆ. ತಗಡಿನ ಒಂದು ಟ್ರಂಕು, ಎರಡು ಜೊತೆ ಬಟ್ಟೆ, ಒಂದು ಹಾಸಿಗೆ ಸುರುಳಿ. ಅಷ್ಟರಲ್ಲಿ ರಾಜ್ಯ ಬೇರೆಯಾಗುತ್ತದೆಂಬ ಮಾತು ಹಬ್ಬಿತು. ಬೇರೆ ರಾಜ್ಯದಲ್ಲಿ ಓದಿದರೆ ಇಲ್ಲಿ ನೌಕರಿಗೆ ಬರುವುದೋ ಇಲ್ಲವೋ, ಸ್ವಲ್ಪ ಕಾದು ನೋಡೋಣ ಎಂದು ಅವರ ತಂದೆ ತಡೆದರು. ಕಾದದ್ದೇ ಕಾದದ್ದು. ಮುತ್ಯಾ ಮುಂದೆ ಗದ್ವಾಲದ ಸೀರೆ ಅಂಗಡಿಯೊಂದರಲ್ಲಿ ತೆಲುಗಿನಲ್ಲಿ ಲೆಕ್ಕ ಬರೆಯುತ್ತ ಮೂವತ್ತೆಂಟು ವರ್ಷ ಕಳೆದರು. ಆ ಟ್ರಂಕಿನಲ್ಲಿ ಈಗಲೂ ಅವ್ವ ಬೇಳೆಕಾಳು ಇಡುತ್ತಾಳೆ. ನನ್ನ ಜೊತೆ ಅದನ್ನೇ ಕಳುಹಿಸಬೇಕೆಂದು ಅವಳ ಹಟವಿತ್ತು. ವಿಮಾನದಲ್ಲಿ ಇಪ್ಪತ್ತಮೂರು ಕಿಲೋ ಮಾತ್ರ ಎಂದು ಹೇಳಿ ಒಪ್ಪಿಸಿದ್ದೇನೆ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ವಿಷಯದಲ್ಲಿ ನಾನೇ ಸೋತೆ.

ಕಳೆದ ಫೆಬ್ರವರಿಯಲ್ಲಿ ಮುತ್ಯಾ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಕಿವಿ ಬಹುಮಟ್ಟಿಗೆ ಮಂದವಾಗಿದೆ, ಎದೆಯೂ ದುರ್ಬಲವಾಗಿದೆ. ವಿದ್ಯಾರ್ಥಿವೇತನದ ಪತ್ರ ಬಂದ ದಿನ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವೇ ಆಯಿತು. ನಾನಿಲ್ಲದಾಗ ಏನಾದರೂ ಆದರೆ ನಾಲ್ಕು ವಾರಗಳ ವ್ಯಾಕರಣಕ್ಕಾಗಿ ಅವರನ್ನು ಬಿಟ್ಟುಹೋದೆನೆಂಬ ಮಾತು ಬದುಕಿರುವವರೆಗೂ ಉಳಿಯುತ್ತದೆ. ಬರುವುದಿಲ್ಲವೆಂದು ಬರೆದುಬಿಡಲೇ ಎಂದು ಎರಡು ರಾತ್ರಿ ಯೋಚಿಸಿದೆ. ಬಗೆಹರಿಯದೆ, ನಮ್ಮ ಗುರುಗಳ ಬಳಿ ಅನುವಾದಕ್ಕೆ ಸಹಿ ಹಾಕಿಸಿಕೊಳ್ಳಲು ಹೋದಾಗ ಮಾತೆತ್ತಿದೆ.

ಅವರು ನೇರವಾಗಿ ಏನನ್ನೂ ಹೇಳಲಿಲ್ಲ. ಟ್ಯೂಬಿಂಗನ್ ಎಂಬ ಹೆಸರನ್ನು ಕೇಳಿ “ಕಿಟ್ಟೆಲರ ಊರಲ್ಲವೇ?” ಎಂದರು. ನಾನು ನಿಘಂಟಿನ ಕಿಟ್ಟೆಲರನ್ನು ಬಲ್ಲೆ, ಊರನ್ನು ಬಲ್ಲವಳಲ್ಲ. ಅವರೇ ವಿವರಿಸಿದರು. ಫರ್ಡಿನಾಂಡ್ ಕಿಟ್ಟೆಲರು ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟು ನೀಡಿತು. 1903ರಲ್ಲಿ ಅವರು ಕೊನೆಯುಸಿರೆಳೆದದ್ದೂ ಆ ಊರಿನಲ್ಲಿಯೇ. ಅವರಿಗಿಂತ ಮೊದಲು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗರಿಗೂ 1858ರಲ್ಲಿ ಗೌರವ ಡಾಕ್ಟರೇಟು ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. ಅವರು ಬಂದದ್ದು ಮತಪ್ರಚಾರದ ಕೆಲಸಕ್ಕೆ, ಅದನ್ನು ಮರೆಯಬೇಕಾಗಿಲ್ಲ. ಆದರೆ ಹಡಗು ಹತ್ತಿದ ಆ ಇಪ್ಪತ್ತೊಂದರ ಹುಡುಗನ ಮನೆಯಲ್ಲಿಯೂ ಮುದುಕರು ಇದ್ದಿರಬೇಕು. ನಾಲ್ಕು ವಾರಗಳಲ್ಲಿ ಮರಳುವ ಭರವಸೆ ಅವರಿಗಿರಲಿಲ್ಲ.

ಇಷ್ಟು ಹೇಳಿ ಗುರುಗಳು ಅನುವಾದಕ್ಕೆ ಸಹಿ ಮಾಡಿ ಮೊಹರು ಒತ್ತಿದರು. “ನಿರ್ಧಾರ ನಿನ್ನ ಮುತ್ಯಾನದು. ಹೋಗಿ ಅವರನ್ನೇ ಕೇಳು” ಎಂದರು.

ಕೇಳಿದೆ. ಕಿವಿ ಕೇಳದ್ದರಿಂದ ಹಲಗೆಯ ಮೇಲೆ ಬರೆದು ಕೇಳಬೇಕಾಯಿತು. ನನ್ನ ತಮ್ಮನ ಹಳೆಯ ಹಲಗೆಯ ಮೇಲೆ ‘ನಾನು ಹೋಗಲೋ ಬೇಡವೋ?’ ಎಂದು ಬರೆದು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ನನ್ನ ಕೈಯಿಂದ ಬಳಪ ತೆಗೆದುಕೊಂಡು, ‘ಬೇಡವೋ’ ಎಂಬುದನ್ನು ಅಂಗೈಯಿಂದ ಒರೆಸಿ ಹಾಕಿದರು. ಆಮೇಲೆ ನಿಧಾನವಾಗಿ ಹೇಳಿದರು: “ಒಂದು ಸಲ ಕಾದದ್ದು ಸಾಕು ಈ ಮನಿಗೆ. ಆದರ ವಾರಕ್ಕೊಂದು ಕಾಗದ ಬರಿ. ಫೋನು ನನಗ ಕೇಳಂಗಿಲ್ಲ. ಕನ್ನಡದಾಗ ಬರಿ.”

ಅಂದಿನಿಂದ ನನ್ನ ಸಿದ್ಧತೆ ಎರಡು ಪಾಲಾಗಿದೆ. ಬೆಳಿಗ್ಗೆ ಜರ್ಮನ್, ಸಂಜೆ ಕನ್ನಡ. ಬೆಳಿಗ್ಗೆ ‘ಇಷ್’ ಎಂಬುದರ ಕೊನೆಯ ಧ್ವನಿಯನ್ನು ಸಾಧಿಸುತ್ತೇನೆ. ಅದು ನಮ್ಮ ‘ಷ’ವೂ ಅಲ್ಲ, ‘ಖ’ವೂ ಅಲ್ಲ. ಸಂಜೆ ಹಳೆಯ ಪಠ್ಯಪುಸ್ತಕ ತೆಗೆದು ಕಾಪಿ ಬರೆಯುತ್ತೇನೆ. ಮಹಾಪ್ರಾಣಗಳೆಲ್ಲಿ ಬರುತ್ತವೆ, ಒತ್ತಕ್ಷರ ಹೇಗೆ ಕುಳಿತುಕೊಳ್ಳುತ್ತದೆ ಎಂದು ನೋಡಿಕೊಳ್ಳುತ್ತೇನೆ. ಮುತ್ಯಾ ಮಂಚದ ಮೇಲಿಂದಲೇ ತಪ್ಪು ಹುಡುಕುತ್ತಾರೆ. ಅರವತ್ತು ವರ್ಷಕ್ಕೂ ಮೇಲಾಗಿ ತೆಲುಗಿನಲ್ಲಿ ಬರೆದ ಕೈ ಅದು, ಕೆಲವು ಅಕ್ಷರಗಳಿಗೆ ತಲೆಕಟ್ಟಿನ ಬದಲು ತೆಲುಗಿನ ಗೀಟು ಬೀಳುತ್ತದೆ. ಅದನ್ನು ನಾನು ತಿದ್ದುತ್ತೇನೆ. ಒಬ್ಬರನ್ನೊಬ್ಬರು ತಿದ್ದುತ್ತ ಹದಿನೈದು ದಿನಗಳಾಗಿವೆ. ಅವ್ವ ತಿಮ್ಮಪ್ಪನ ಗುಡಿಗೆ ಹರಕೆ ಹೊತ್ತದ್ದಾಗಿದೆ. ಯಾರಿಗಾಗಿ ಎಂದು ಹೇಳುತ್ತಿಲ್ಲ.

ಈ ಸಂಚಿಕೆ ಹಿರಿಯ ವಿದ್ಯಾರ್ಥಿಗಳ ಕೈಸೇರುವ ಹೊತ್ತಿಗೆ ನಾನು ಅಲ್ಲಿರುತ್ತೇನೋ, ಮರಳಿರುತ್ತೇನೋ ತಿಳಿಯದು. ಸಮಾರಂಭಕ್ಕೆ ಬರಲಾಗದಿದ್ದರೆ ಗುರುಗಳೂ ಜೊತೆಗಾರರೂ ಮನ್ನಿಸಬೇಕು.

ನಿನ್ನೆ ಅಂಚೆಯ ಲೆಕ್ಕ ಹಾಕುತ್ತಿದ್ದೆ. ಜರ್ಮನಿಯಿಂದ ಹಾಕಿದ ಕಾಗದ ನಮ್ಮ ಊರಿಗೆ ಬರಲು ಎರಡು ವಾರವಾದರೂ ಹಿಡಿಯಬಹುದು. ನಾಲ್ಕು ಕಾಗದಗಳಲ್ಲಿ ಕೊನೆಯ ಎರಡು ನಾನು ಬಂದ ಮೇಲೆಯೇ ತಲುಪುತ್ತವೆ. ಅದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಮುತ್ಯಾ ಓದಿ, ಕನ್ನಡಕವನ್ನು ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು.

“ಬರಲಿ ಬಿಡು. ನೀ ಬಂದ ಮ್ಯಾಲೆ ಇಬ್ಬರೂ ಕುಂತು ಓದಮು” ಎಂದರು.