ಕಿತ್ತಳೆ ತೋಟ ಹುಡುಕಿಕೊಂಡು ಎರಡನೇ ಹನಿಮೂನ್!

ಹನಿಮೂನ್ ಅಂದರೆ ಇವತ್ತಿನ ನಮ್ಮ ಹುಡುಗರಿಗೆ ಬಾಲಿ, ಮಾಲ್ಡೀವ್ಸ್. ಜೇಬು ಸಣ್ಣದಿದ್ದರೆ ಗೋವಾ. 1973ರಲ್ಲಿ ವಿಶ್ವೇಶ್ವರಪುರಂನ ವಠಾರದಲ್ಲಿ ಆ ಪದ ಬಾಯಿಬಿಟ್ಟು ಹೇಳೋಕೂ ನಾಚಿಕೆಯಂತೆ. ಅಂಥ ಕಾಲದಲ್ಲಿ ನಮ್ಮ ತಾತ ಹೊಸ ಹೆಂಡತಿಯನ್ನು ಕರಕೊಂಡು ಮಡಿಕೇರಿ ಬಸ್ಸು ಹತ್ತಿದರು ಅಂದರೆ, ಆ ಧೈರ್ಯ ಕೊಟ್ಟವರು ಬೇರಾರೂ ಅಲ್ಲ ಸ್ವಾಮಿ, ಪುಟ್ಟಣ್ಣ ಕಣಗಾಲ್!

ತ್ರಿವೇಣಿಯವರ ಕಾದಂಬರಿಯಿಂದ ತೆಗೆದ ‘ಶರಪಂಜರ’ 1971ರ ಚಿತ್ರ. ಕಾವೇರಿಯಾಗಿ ಕಲ್ಪನಾ, ಗಂಡನಾಗಿ ಗಂಗಾಧರ್. ಕೊಡಗಿನ ಕಿತ್ತಳೆ ತೋಟದಲ್ಲಿ ಆ ಜೋಡಿ ಹಾಡುತ್ತಾ ಓಡಾಡಿದ್ದನ್ನು ನೋಡಿದ ಮೇಲೆ ತಾತನಿಗೆ ನಿದ್ದೆಯಿಲ್ಲ. ಆಗ ಅವರು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕಂಪಾಸಿಟರ್. ಸಿನಿಮಾ ನಾಲ್ಕು ಸಲ ನೋಡಿದ್ದಾಯ್ತು. 1973ರ ನವೆಂಬರಿನಲ್ಲಿ ಸಜ್ಜನ್ ರಾವ್ ಸರ್ಕಲ್ ಹತ್ತಿರದ ಛತ್ರದಲ್ಲಿ ಮದುವೆ. ವಾರ ಕಳೆಯೋದರೊಳಗೆ ಮಡಿಕೇರಿ. ಕೈಲಿದ್ದ ಕಾಸು ಎರಡೇ ದಿನಕ್ಕೆ. ಯಾವುದೋ ತೋಟದ ರೈಟರು ಅಜ್ಜಿಯ ಸೆರಗಿನ ತುಂಬ ಕಿತ್ತಳೆ ಹಾಕಿ ಕಳಿಸಿದ್ದನಂತೆ. “ಮುಂದಿನ ವರ್ಷ ಮತ್ತೆ ಬರೋಣ ಕಣೇ” ಅಂದರು ತಾತ.

ಮುಂದಿನ ವರ್ಷ ನಮ್ಮಮ್ಮ ಹುಟ್ಟಿದಳು. ಆಮೇಲೆ ಆಫ್‌ಸೆಟ್ ಬಂತು, ಮೊಳೆ ಗುಜರಿಗೆ ಹೋಯ್ತು, ತಾತ ಪ್ರೂಫ್ ತಿದ್ದೋಕೆ ಕೂತರು. ಮಕ್ಕಳ ಮದುವೆ, ಬಾಣಂತನ, ಕೊನೆಗೆ ನನ್ನ ಪಿಯುಸಿ ಫೀಸು. (ಆ ಪಿಯುಸಿ ನಾನು ಅರ್ಧಕ್ಕೇ ಬಿಟ್ಟೆ, ಆ ಕಥೆ ಇನ್ನೊಂದು ವಾರಕ್ಕಿರಲಿ.) ಹೀಗೇ ಐವತ್ತು ವರ್ಷ!

ಅಷ್ಟರಲ್ಲಿ ಅಜ್ಜಿಗೆ ಮರೆವು ಶುರುವಾಗಿತ್ತು. ಡಾಕ್ಟರು ಡಿಮೆನ್ಷಿಯಾ ಅಂದರು. ನನ್ನನ್ನು ತನ್ನ ತಮ್ಮನ ಹೆಸರು ಹಿಡಿದು ಕರೀತಾಳೆ. ಆದರೆ ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಮುಂದಿಟ್ಟರೆ ಸಾಕು, ಬೆರಳು ತಾವಾಗಿಯೇ ಹಿದುಕುತ್ತವೆ. ಒಂದು ಕಾಳೂ ಒಡೆಯೋದಿಲ್ಲ.

ಒಂದು ದಿನ ನೆಂಟರೊಬ್ಬರು, “ತಲೆ ಕೆಟ್ಟೋರನ್ನ ಎಷ್ಟು ದಿನ ಮನೇಲಿ ಇಟ್ಕೋತೀರಿ?” ಅಂದುಬಿಟ್ಟರು. ತಾತ ಕೂಗಾಡಿದ್ದನ್ನು ನಾನು ಜೀವನದಲ್ಲಿ ನೋಡಿದ್ದು ಅದೊಂದೇ ಸಲ. “ಶರಪಂಜರ ನೋಡಿ ಕರ್ಚೀಫು ಒದ್ದೆ ಮಾಡ್ಕೊಂಡಿದ್ಯಲ್ಲಯ್ಯಾ! ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಬಂದಳು. ಮನೆಯೋರು, ಬೀದಿಯೋರು ಸೇರ್ಕೊಂಡು ಮತ್ತೆ ಹುಚ್ಚಿ ಮಾಡಿದ್ರು. ಏನು ನೋಡಿದೆ ನೀನು?” ನೆಂಟರು ಕಾಫಿ ಬಿಟ್ಟು ಎದ್ದರು. ತಾತ ಅವತ್ತೇ ನಿರ್ಧಾರ ಮಾಡಿದರು: ಐವತ್ತನೇ ವರ್ಷಕ್ಕೆ ಮಡಿಕೇರಿ. ಮಾವ ಬೇಡವೇ ಬೇಡ ಅಂದ. ಲಗೇಜು ಹೊರೋಕೆ ನಾನು ಹೊರಟೆ.

2023ರ ನವೆಂಬರ್. ಅದೇ ವರ್ಷ ಉದ್ಘಾಟನೆಯಾದ ಮೈಸೂರಿನ ಹೊಸ ಹೆದ್ದಾರಿಯಲ್ಲಿ ಬಸ್ಸು ಹಾರಿತು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಅಜ್ಜಿಗೆ ನಿದ್ದೆ. ತಾತ ಮಾತ್ರ ಕಿಟಕಿ ಬಿಡಲಿಲ್ಲ.

ರಾಜಾ ಸೀಟಿನಲ್ಲಿ ಜನವೋ ಜನ. ನಮ್ಮ ವಯಸ್ಸಿನ ಹುಡುಗರು ಫೋನಿನಲ್ಲಿ ‘ಮುಂಗಾರು ಮಳೆ’ ಹಾಡು ಹಾಕಿಕೊಂಡು ರೀಲ್ಸ್ ಮಾಡುತ್ತಿದ್ದರು. ತಪ್ಪೇನಿಲ್ಲ ಬಿಡಿ, 2006ರ ಆ ಚಿತ್ರಕ್ಕೂ ಇದೇ ಮಡಿಕೇರಿ. ತಾತನಿಗೆ ಪುಟ್ಟಣ್ಣ, ಇವರಿಗೆ ಯೋಗರಾಜ ಭಟ್ಟರು.

“ಇದ್ಯಾವ ಊರು ರೀ?” ಅಜ್ಜಿ ಹತ್ತು ನಿಮಿಷಕ್ಕೊಂದು ಸಲ ಕೇಳುತ್ತಿದ್ದಳು.

“ಮಡಿಕೇರಿ ಕಣೇ.” ಪ್ರತಿ ಸಲವೂ ಮೊದಲ ಸಲ ಹೇಳುವ ಹಾಗೆ.

ಕಿತ್ತಳೆ ತೋಟ ಅಂತ ಕೇಳಿದರೆ ಆಟೋದವನು ನಕ್ಕ. “ಎಲ್ಲಿದೆ ಅಜ್ಜಾ? ರೋಗ ಬಂದು ಮರ ಒಣಗಿದ್ವು. ಈಗ ಕಾಫಿ, ಮೆಣಸು. ಮಧ್ಯ ಅಲ್ಲೊಂದು ಇಲ್ಲೊಂದು ಕಿತ್ತಳೆ.” ದಾರಿಯಲ್ಲಿ ಗುಡ್ಡದ ಮೈಮೇಲಿನ ಗಾಯಗಳನ್ನು ತೋರಿಸಿದ. 2018ರ ಆಗಸ್ಟಿನಲ್ಲಿ ಭೂಮಿ ಕುಸಿದ ಜಾಗಗಳು. ತಾತ ಮಾತಾಡಲಿಲ್ಲ. ಸಿನಿಮಾದ ಸೆಟ್ಟನ್ನೇ ಯಾರೋ ಕಿತ್ತುಹಾಕಿದ ಹಾಗಾಗಿತ್ತು ಅವರಿಗೆ.

ಪುಣ್ಯಾತ್ಮ ಕೊನೆಗೆ ಒಂದು ಹೋಮ್‌ಸ್ಟೇ ಹಿತ್ತಲಿಗೆ ಕರೆದುಕೊಂಡು ಹೋದ. ಕಾಫಿ ಗಿಡಗಳ ನಡುವೆ ಮೂರೇ ಮರ. ಮನೆಯಾಕೆ ನಾಲ್ಕು ಹಣ್ಣು ಕಿತ್ತು ತಂದರು. ಅಜ್ಜಿ ಕೈ ಚಾಚಲಿಲ್ಲ. ಸೆರಗು ಒಡ್ಡಿದಳು!

ಒಂದು ಹಣ್ಣು ಸುಲಿದಳು. ಮೂಸಿದಳು. ತಾತನ ಮುಖ ನೋಡಿ, “ಅವತ್ತೂ ಹುಳಿಯಿತ್ತು. ನೀವು ಸಿಹಿ ಅಂತ ಸುಳ್ಳು ಹೇಳಿ ಎಲ್ಲಾ ತಿಂದ್ರಿ” ಅಂದಳು.

ತಾತ ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟರು. “ಹೌದು ಕಣೇ, ಹುಳೀನೇ ಇತ್ತು.”

ಅಷ್ಟೇ. ಐದು ನಿಮಿಷಕ್ಕೆ ಅಜ್ಜಿ, “ಮನೆಗೆ ಹೋಗೋಣ, ಅಮ್ಮ ಕಾಯ್ತಿರ್ತಾಳೆ” ಅನ್ನೋಕೆ ಶುರು ಮಾಡಿದಳು. ಅವಳಮ್ಮ ಹೋಗಿ ನಲವತ್ತು ವರ್ಷದ ಮೇಲಾಯಿತು. ರಾತ್ರಿ ಬಸ್ಸಿಗೇ ಹೊರಟೆವು.

ಕುಶಾಲನಗರದಲ್ಲಿ ಬಸ್ಸು ನಿಂತಾಗ ಅಜ್ಜಿಗೆ ಎಚ್ಚರವಾಯಿತು.

“ಇದ್ಯಾವ ಊರು ರೀ?”

“ಕುಶಾಲನಗರ. ಹಿಂದೆ ಹೋಗಿದ್ದು ಮಡಿಕೇರಿ.”

“ನಾವು ಮಡಿಕೇರಿಗೆ ಹೋಗಿದ್ವಾ?”

“ಹೋಗಿದ್ವಿ ಕಣೇ,” ಅಂದರು ತಾತ, ಶಾಲು ಅವಳ ಕಿವಿ ಮೇಲೆ ಎಳೆಯುತ್ತಾ. “ಎರಡು ಸಲ.”